104 ಸಿಟ್ಟಿಂಗ್: ತೊನ್ನಿಗೆ ಬೆಳಕಿನ ಚಿಕಿತ್ಸೆ ತಗೊಂಡ ನನ್ನ ಅನುಭವ

ಹೋದ ವಾರ ನನ್ನ ಕೊನೆಯ ಸಿಟ್ಟಿಂಗ್ ಮುಗಿಯಿತು. 15 ತಿಂಗಳಲ್ಲಿ ಒಟ್ಟು 104. ತೊನ್ನಿಗೆ ‘ಲೈಟ್ ಟ್ರೀಟ್‌ಮೆಂಟ್’ ಅಂತಾರಲ್ಲ, ಅದು. ಶುರು ಮಾಡುವ ಮೊದಲು, ಇದನ್ನು ಪೂರ್ತಿ ಮುಗಿಸಿದವರು ಒಬ್ಬರಾದರೂ ಸಿಗಲಿ, ಹೇಗಿರುತ್ತೆ ಅಂತ ಹೇಳಲಿ ಅಂತ ತುಂಬಾ ಹುಡುಕಿದ್ದೆ. ಸಿಗಲಿಲ್ಲ. ಮಾಡಿಸಿಕೊಂಡವರು ಇರುತ್ತಾರೆ, ಆದರೆ ಯಾರೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 36. ಮೊದಲ ಮಚ್ಚೆ ಕಂಡದ್ದು ಬಲಗೈ ಬೆರಳ ತುದಿಯಲ್ಲಿ. ಎಲೆಗೆ ಹಚ್ಚುವ ಸುಣ್ಣ ಅಂಟಿದೆ ಅಂದುಕೊಂಡು ಸೆರಗಿಗೆ ಒರೆಸಿದೆ. ಹೋಗಲಿಲ್ಲ. ಎರಡು ತಿಂಗಳಲ್ಲಿ ತಾಳಿ ಸರ ಉಜ್ಜುವ ಕಡೆ ಕುತ್ತಿಗೆಯಲ್ಲಿ ಒಂದು, ಲಂಗದ ಲಾಡಿ ಕಟ್ಟುವ ಕಡೆ ಸೊಂಟದ ಸುತ್ತ ಒಂದು ಸಾಲು, ಮೊಣಕಾಲಿನ ಕೆಳಗೆ ಎರಡು, ಎಡಗಣ್ಣಿನ ರೆಪ್ಪೆಯ ಮೂಲೆಯಲ್ಲಿ ಒಂದು ಚಿಕ್ಕದು ಎದ್ದವು. ಚರ್ಮ ಪದೇ ಪದೇ ಉಜ್ಜುವ ಕಡೆ, ಗಾಯ ಆದ ಕಡೆ ತೊನ್ನು ಬೇಗ ಕಾಣಿಸಿಕೊಳ್ಳುತ್ತೆ ಅಂತ ಆಮೇಲೆ ಗೊತ್ತಾಯಿತು. ಈಗ ಲಾಡಿ ಸಡಿಲವಾಗಿ ಕಟ್ಟುತ್ತೇನೆ.

ಆ ವರ್ಷದ ಗೌರಿ ಹಬ್ಬ ಮರೆಯೋಕಾಗಲ್ಲ. ಬಾಗಿನ ಕೊಟ್ಟು, ಕುಂಕುಮ ಇಡಲು ಒಬ್ಬರ ಹಣೆಯ ಕಡೆ ಕೈ ಚಾಚಿದೆ. ಅವರು ಮುಖ ಹಿಂದಕ್ಕೆ ತಗೊಂಡು, “ಕೊಡಮ್ಮ, ನಾನೇ ಇಟ್ಕೋತೀನಿ” ಅಂದು ಭರಣಿ ತಗೊಂಡರು. ನನ್ನ ಬೆರಳಲ್ಲಿ ಆಗಲೇ ಕುಂಕುಮ ಹಿಡಿದಾಗಿತ್ತು. ಬಿಳಿಯ ಮೇಲೆ ಆ ಕೆಂಪು ಎದ್ದು ಕಾಣುತ್ತಿತ್ತು. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಮನೆಗೆ ಬಂದೆ. ತೊನ್ನು ಅಂಟುವುದಿಲ್ಲ. ಮುಟ್ಟಿದರೂ ಇಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಇಲ್ಲ. ಇದು ಕುಷ್ಠವೂ ಅಲ್ಲ. ಇಷ್ಟು ಮಾತು ಅವತ್ತು ನನ್ನ ಬಾಯಿಗೆ ಬರಲಿಲ್ಲ.

ಆಮೇಲೆ ಐದಾರು ತಿಂಗಳು ಸುಮ್ನೆ ಕಳೆದೆ. ಹುಣಸೆಹಣ್ಣು ಬಿಟ್ಟೆ, ನಿಂಬೆಹಣ್ಣು ಬಿಟ್ಟೆ. ಮೀನು ತಿಂದು ಹಾಲು ಕುಡಿದಿದ್ದೀಯಾ ಅಂತ ಒಬ್ಬರು ಕೇಳಿದರು. ನಾವು ಮೀನೇ ತಿನ್ನುವವರಲ್ಲ. ಅಮ್ಮ ಕುಕ್ಕೆಗೆ ಹರಕೆ ಹೊತ್ತರು. ಹೋಗಿ ಬಂದೆವು, ಮನಸ್ಸಿಗೆ ಸಮಾಧಾನವೂ ಆಯಿತು. ಮಚ್ಚೆ ಮಾತ್ರ ಬೆಳೆಯುತ್ತಲೇ ಇತ್ತು.

ಇನ್ನು ನಾನು ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ, ದಯವಿಟ್ಟು ನೀವು ಮಾಡಬೇಡಿ. ನೆಂಟರೊಬ್ಬರು ಗ್ರಂಥಿಗೆ ಅಂಗಡಿಯಿಂದ ಬಾವಂಚಿ ಬೀಜದ ಎಣ್ಣೆ ತಂದುಕೊಟ್ಟರು. ಹಚ್ಚಿ ಬಿಸಿಲಲ್ಲಿ ಕೂತರೆ ಬಣ್ಣ ಬರುತ್ತೆ ಅಂದರು. ಫೆಬ್ರವರಿ ಕೊನೆ, ಬೆಳಗ್ಗೆ 11 ಗಂಟೆ. ತಾರಸಿ ಮೇಲೆ ಕಾಲು ಚಾಚಿ ಅರ್ಧ ಗಂಟೆ ಕೂತೆ. ಅವತ್ತು ಏನೂ ಆಗಲಿಲ್ಲ. ಮಾರನೇ ದಿನ ಸಂಜೆ ಉರಿ ಶುರುವಾಯಿತು. ಮೂರನೇ ದಿನ ಎರಡೂ ಮಚ್ಚೆಗಳ ಮೇಲೆ ನೆಲ್ಲಿಕಾಯಿ ಗಾತ್ರದ ನೀರ್ಗುಳ್ಳೆ. ಗುಳ್ಳೆ ಒಡೆದು ಒಣಗುವಾಗ ಸುತ್ತಲಿನ ಒಳ್ಳೆಯ ಚರ್ಮವೂ ಬೆಳ್ಳಗಾಯಿತು. ಬಾವಂಚಿ ಸುಳ್ಳು ಮದ್ದಲ್ಲ, ಆಯುರ್ವೇದದಲ್ಲಿ ಹಿಂದಿನಿಂದಲೂ ತೊನ್ನಿಗೆ ಬಳಸಿದ್ದಾರೆ. ಅದರಲ್ಲಿ ಸೋರಾಲೆನ್ ಅನ್ನುವ ಅಂಶ ಇದೆ. ಅದು ಚರ್ಮಕ್ಕೆ ಸೇರಿದರೆ ಚರ್ಮ ಬೆಳಕಿಗೆ ತುಂಬಾ ನಾಜೂಕಾಗುತ್ತೆ. ಎಣ್ಣೆಯಲ್ಲಿ ಅದೆಷ್ಟಿದೆ, ಅವತ್ತಿನ ಬಿಸಿಲು ಎಷ್ಟು ಖಾರ, ಎರಡನ್ನೂ ಅಳೆಯುವವರು ಮನೆಯಲ್ಲಿ ಯಾರಿದ್ದಾರೆ? ಸುಡುವುದು ತಕ್ಷಣ ಗೊತ್ತಾಗುವುದಿಲ್ಲ, ಒಂದೆರಡು ದಿನ ಬಿಟ್ಟು ಗೊತ್ತಾಗುತ್ತೆ. ಅದೇ ಇದರ ಅಪಾಯ.

ಆ ಸುಟ್ಟ ಕಾಲಿಗೋಸ್ಕರವೇ ತುಮಕೂರಿನ ಚರ್ಮದ ಡಾಕ್ಟರ ಹತ್ತಿರ ಹೋದದ್ದು. ಡಾಕ್ಟರ್ ಮೇಡಂ ಮೊದಲು ಹತ್ತಿಯಿಂದ ಮಚ್ಚೆಯನ್ನು ಸವರಿ, “ಗೊತ್ತಾಗ್ತಾ ಇದೆಯಾ?” ಅಂದರು. ಗೊತ್ತಾಗುತ್ತಿತ್ತು. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಕಡಿಮೆಯಾಗುತ್ತೆ, ಹಾಲಿನ ಹಾಗೆ ಬೆಳ್ಳಗೂ ಇರುವುದಿಲ್ಲ ಅಂತ ವಿವರಿಸಿದರು. ಸ್ಟಿಕ್ಕರ್ ಬೊಟ್ಟು ಇಡುತ್ತೀರಾ, ರಬ್ಬರ್ ಚಪ್ಪಲಿ ಹಾಕುತ್ತೀರಾ ಅಂತಲೂ ಕೇಳಿದರು. ಬೊಟ್ಟಿನ ಅಂಟಿನಲ್ಲಿ, ಕೆಲವು ರಬ್ಬರಿನಲ್ಲಿ ಇರುವ ರಾಸಾಯನಿಕ ಕೆಲವರ ಚರ್ಮದ ಬಣ್ಣ ತೆಗೆಯುತ್ತಂತೆ. ಅವತ್ತೇ ಸ್ಟಿಕ್ಕರ್ ಬಿಟ್ಟು ಕುಂಕುಮಕ್ಕೆ ಬಂದೆ.

ಆಮೇಲೆ ಕತ್ತಲೆ ಕೋಣೆಗೆ ಕರೆದುಕೊಂಡು ಹೋಗಿ ವುಡ್ಸ್ ಲ್ಯಾಂಪ್ ಹಿಡಿದರು. ನೇರಳೆ ಬೆಳಕಿನಲ್ಲಿ ನನ್ನ ಮಚ್ಚೆಗಳೆಲ್ಲ ನೀಲಿ ಬಿಳಿಯಾಗಿ ಹೊಳೆದವು. ನನಗೆ ಗೊತ್ತೇ ಇಲ್ಲದ ಮೂರು ಕಂಡವು, ಬೆನ್ನಲ್ಲಿ ಎರಡು, ಕಂಕುಳಲ್ಲಿ ಒಂದು. ಅಲ್ಲೇ ಅಳು ಬಂತು. ಮೇಡಂ ದೀಪ ಆರಿಸಿ, ಸ್ವಲ್ಪ ಹೊತ್ತು ಏನೂ ಮಾತಾಡದೆ ಪಕ್ಕದಲ್ಲಿ ನಿಂತರು.

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ನಮ್ಮ ಮೇಲ್ಚರ್ಮದ ತಳದಲ್ಲಿ ಬಣ್ಣ ಮಾಡುವ ಕೋಶಗಳಿವೆ. ಕಪ್ಪಗಿರುವವರಲ್ಲಿ, ಬೆಳ್ಳಗಿರುವವರಲ್ಲಿ ಇವುಗಳ ಸಂಖ್ಯೆ ಹೆಚ್ಚೂಕಡಿಮೆ ಒಂದೇ. ಎಷ್ಟು ಮೆಲನಿನ್ (ಚರ್ಮಕ್ಕೆ ಬಣ್ಣ ಕೊಡುವ ವಸ್ತು) ಮಾಡುತ್ತವೆ, ಎಂಥದ್ದು ಮಾಡುತ್ತವೆ ಅನ್ನುವುದರಲ್ಲಿ ವ್ಯತ್ಯಾಸ. ಬಿಸಿಲು ಬಿದ್ದಾಗ ಈ ಕೋಶಗಳು ಮೆಲನಿನ್ನಿನ ಸಣ್ಣ ಸಣ್ಣ ಪೊಟ್ಟಣ ಮಾಡಿ ಅಕ್ಕಪಕ್ಕದ ಕೋಶಗಳಿಗೆ ಹಂಚುತ್ತವೆ. ಆ ಕೋಶಗಳು ಅದನ್ನು ತಮ್ಮ ನಡುವಿನ ತಿರುಳಿನ ಮೇಲೆ ಕೊಡೆ ಹಿಡಿದ ಹಾಗೆ ಇಟ್ಟುಕೊಳ್ಳುತ್ತವೆ. ತೊನ್ನಿನಲ್ಲಿ ನಮ್ಮ ದೇಹದ ಕಾವಲುಪಡೆಯೇ ಈ ಬಣ್ಣದ ಕೋಶಗಳನ್ನು ಕೊಲ್ಲುತ್ತದೆ. ಆದರೆ ಕೂದಲಿನ ಬುಡದಲ್ಲಿ ಕೆಲವು ಬಣ್ಣದ ಕೋಶಗಳು ಮಲಗಿರುತ್ತವೆ. ಸರಿಯಾದ ಅಳತೆಯ ಬೆಳಕು ಆ ಕಾವಲುಪಡೆಯನ್ನು ತಣ್ಣಗೆ ಮಾಡುತ್ತೆ, ಮಲಗಿರುವ ಕೋಶಗಳನ್ನು ಎಬ್ಬಿಸಿ ಮೇಲಕ್ಕೆ ಕರೆಯುತ್ತೆ.

“ಬಿಸಿಲೂ ಅದೇ ಅಲ್ವಾ ಮೇಡಂ, ಊರಲ್ಲೇ ಕೂತ್ಕೊಂಡ್ರೆ ಆಗಲ್ವಾ?” ಅಂದೆ. ಬಿಸಿಲಿನಲ್ಲಿ ಎಲ್ಲ ಥರದ ಕಿರಣವೂ ಇರುತ್ತೆ, ಗಂಟೆಗೊಂದು ಥರ, ಮೋಡ ಬಂದರೆ ಇನ್ನೊಂದು ಥರ ಅಂದರು. ಈ ಯಂತ್ರದ್ದು ನ್ಯಾರೋಬ್ಯಾಂಡ್ ಯುವಿಬಿ, ಅಂದರೆ ಅತಿನೇರಳೆ (ಯುವಿ) ಕಿರಣಗಳಲ್ಲಿ ಒಂದು ಸಣ್ಣ ಭಾಗ ಮಾತ್ರ. 311ರಿಂದ 313 ನ್ಯಾನೊಮೀಟರ್ ಅಲೆಯ ಕಿರಣವೇ ಮುಖ್ಯ, ಅದನ್ನು ಅಳೆದು ಕೊಡಬಹುದು. ತೊನ್ನಿಗೆ ಇದು ಕೆಲಸ ಮಾಡುತ್ತೆ ಅಂತ 1997ರಲ್ಲಿ ನೆದರ್ಲೆಂಡ್ಸ್‌ನ ಡಾಕ್ಟರುಗಳು ತೋರಿಸಿಕೊಟ್ಟ ಮೇಲೆ ಎಲ್ಲ ಕಡೆ ಬಂತು.

ಶುರು ಮಾಡಲು ಒಂದು ತಿಂಗಳು ಹಿಡಿಯಿತು. ರಕ್ತ ಪರೀಕ್ಷೆ ಆಗಬೇಕಿತ್ತು, ಥೈರಾಯ್ಡ್, ಶುಗರ್, ಹಿಮೋಗ್ಲೋಬಿನ್. ತೊನ್ನು ಇರುವವರಲ್ಲಿ ಥೈರಾಯ್ಡ್ ತೊಂದರೆ ಜಾಸ್ತಿ ಕಾಣುತ್ತೆ. ನನಗೂ ಇತ್ತು. ಒಂದು ವರ್ಷದಿಂದ ಸುಸ್ತು, ಕೂದಲು ಉದುರುತ್ತೆ ಅಂತ ಒದ್ದಾಡುತ್ತಿದ್ದುದಕ್ಕೆ ಅವತ್ತು ಕಾರಣ ಸಿಕ್ಕಿತು. ನೀವು ಬೇರೆ ಯಾವುದಕ್ಕಾದರೂ ಮಾತ್ರೆ ತಗೊಳ್ಳುತ್ತಿದ್ದರೆ ಅದರ ಚೀಟಿ ಕಡ್ಡಾಯವಾಗಿ ತೋರಿಸಿ. ಕೆಲವು ಮಾತ್ರೆ ಚರ್ಮವನ್ನು ಬೆಳಕಿಗೆ ನಾಜೂಕು ಮಾಡುತ್ತವೆ. ಆಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ, ಮಚ್ಚೆಗಳ ಫೋಟೊ, ಕೊನೆಗೆ ಕಣ್ಣಿನ ಡಾಕ್ಟರ ಚೀಟಿ.

ಕಣ್ಣಿನ ತಪಾಸಣೆ ಯಾಕೆ ಅಂತ ನನಗೆ ಅರ್ಥ ಆಗಿರಲಿಲ್ಲ, ಸುಮ್ನೆ ಖರ್ಚು ಅನ್ನಿಸಿತ್ತು. ಕಣ್ಣಿನ ಡಾಕ್ಟರು ವಯಸ್ಸಾದವರು, ನಿಧಾನವಾಗಿ ಹೇಳಿದರು. ಮೆಲನಿನ್ ಕಣ್ಣಿನಲ್ಲೂ ಇದೆ. ಕಣ್ಣಿನ ಕಂದು ಬಣ್ಣ ಅದರದ್ದೇ. ಹಿಂದುಗಡೆ ರೆಟಿನಾ ಅನ್ನುವ, ಬೆಳಕನ್ನು ಗುರುತಿಸುವ ಪರದೆಯ ಆಚೆಗೂ ಮೆಲನಿನ್ ಇರುವ ಒಂದು ಪದರ ಇದೆ. ಒಳಗೆ ಬಂದ ಬೆಳಕು ಅಲ್ಲಿ ಇಲ್ಲಿ ಚದುರದ ಹಾಗೆ ಅದು ಹೀರಿಕೊಳ್ಳುತ್ತೆ. ಕೆಲವರಿಗೆ ಬಣ್ಣದ ಕೋಶಗಳ ಮೇಲಿನ ದಾಳಿ ಕಣ್ಣಿಗೂ ಕಿವಿಗೂ ಹೋಗಬಹುದು. ಅದಕ್ಕೇ ಕಣ್ಣು ಕೆಂಪಾಗುತ್ತಾ, ಕಿವಿಯಲ್ಲಿ ಗುಂಯ್ ಅನ್ನುತ್ತಾ, ತಲೆನೋವಿದೆಯಾ ಅಂತ ಕೇಳಿದರು. ನನಗೆ ಯಾವುದೂ ಇರಲಿಲ್ಲ.

ನನ್ನ ಕಣ್ಣಿನ ಬಣ್ಣ ಈ ಚಿಕಿತ್ಸೆಯಿಂದ ಬದಲಾಗುತ್ತಾ ಅಂತ ಕೇಳಿದೆ. ಇಲ್ಲ ಅಂದರು. ಚರ್ಮ ಬಿಸಿಲಿಗೆ ಕಪ್ಪಾದ ಹಾಗೆ ದೊಡ್ಡವರ ಕಣ್ಣು ಕಪ್ಪಾಗುವುದಿಲ್ಲ. ಕೂಸಿನ ಕಣ್ಣಿನಲ್ಲಿ ಮಾತ್ರ ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮೆಲನಿನ್ ಕೂಡಿಕೊಂಡು ಬಣ್ಣ ಗಾಢವಾಗುತ್ತೆ. ಅಂದರೆ ಚರ್ಮ ಬೆಳಕು ಬಿದ್ದಾಗ ಹೊಸ ಕೊಡೆ ಮಾಡಿಕೊಳ್ಳುತ್ತೆ, ಕಣ್ಣು ಮಾಡಿಕೊಳ್ಳುವುದಿಲ್ಲ. ಅದಕ್ಕೇ ಗಾಗಲ್ ಹಾಕಲೇಬೇಕು. “ವೆಲ್ಡಿಂಗ್ ನೋಡಿದ ರಾತ್ರಿ ಕಣ್ಣಿಗೆ ಮರಳು ಬಿದ್ದ ಹಾಗೆ ಆಗುತ್ತಲ್ಲಮ್ಮ, ಅದೂ ಇದೇ ಜಾತಿ ಕಿರಣ” ಅಂದರು. ಈ ಒಂದು ಮಾತು ನನಗೆ ಚೆನ್ನಾಗಿ ನಾಟಿತು.

ಕಣ್ಣಿಗೆ ಪಾಪೆ ಅಗಲವಾಗುವ ಡ್ರಾಪ್ಸ್ ಹಾಕುತ್ತಾರೆ. ನಾನು ಒಬ್ಬಳೇ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಒಂದು ಬೋರ್ಡೂ ಓದೋಕಾಗಲಿಲ್ಲ, ಬಿಸಿಲಿಗೆ ಕಣ್ಣು ಬಿಡೋಕಾಗಲಿಲ್ಲ. ಕಾಲೇಜು ಹುಡುಗಿಯೊಬ್ಬಳು ಕೈ ಹಿಡಿದು ಬಸ್ ಹತ್ತಿಸಿದಳು. ಆ ದಿನ ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ.

ಮೇ ತಿಂಗಳಲ್ಲಿ ಮೊದಲ ಸಿಟ್ಟಿಂಗ್. ಯಂತ್ರ ಅಂದರೆ ಆಳೆತ್ತರದ ಪೆಟ್ಟಿಗೆ. ಒಳಗೆ ಸುತ್ತಲೂ ಉದ್ದುದ್ದ ಟ್ಯೂಬ್‌ಲೈಟ್. ಗಾಗಲ್ ಹಾಕಿ, ಮಚ್ಚೆ ಇಲ್ಲದ ಕಡೆ ಆದಷ್ಟು ಬಟ್ಟೆ ಮುಚ್ಚಿ ನಿಲ್ಲಬೇಕು. ಸಿಸ್ಟರ್ ಬಾಗಿಲು ಹಾಕಿ ಸ್ವಿಚ್ ಒತ್ತಿದರು. ಫ್ಯಾನಿನ ಸದ್ದು, ಸ್ವಲ್ಪ ಬೆಚ್ಚಗೆ, ಅಷ್ಟೇ. ಒಂದು ನಿಮಿಷವೂ ಆಗಿರಲಿಲ್ಲ, ಮುಗಿಯಿತು ಅಂದರು. ಇದಕ್ಕಾಗಿ ಎರಡು ಗಂಟೆ ಬಸ್ಸಿನಲ್ಲಿ ಬಂದೆನಾ ಅಂತ ಮನಸ್ಸು ಸಪ್ಪೆಯಾಯಿತು. ಕಾರ್ಡಿನಲ್ಲಿ ತಾರೀಖು, ‘200’ ಅಂತ ಬರೆದರು. ಅದು ಬೆಳಕಿನ ಅಳತೆ, ಒಂದು ಚದರ ಸೆಂಟಿಮೀಟರಿಗೆ 200 ಮಿಲಿಜೌಲ್. ಪ್ರತಿ ಸಲ ಅದನ್ನು 10%ರಷ್ಟು ಏರಿಸುತ್ತಾ ಹೋಗುತ್ತಾರೆ. ಮಚ್ಚೆ ತೆಳು ಗುಲಾಬಿಯಾಗಬೇಕು, ಆ ಗುಲಾಬಿ 24 ಗಂಟೆಯೊಳಗೆ ಹೋಗಬೇಕು. ಅದೇ ಸರಿಯಾದ ಅಳತೆ. 14ನೇ ಸಿಟ್ಟಿಂಗ್‌ನಲ್ಲಿ, 690ಕ್ಕೆ ಏರಿಸಿದ ದಿನ, ಕುತ್ತಿಗೆ ಎರಡು ದಿನ ಉರಿಯಿತು. ಮುಂದಿನ ಸಲ ಹೇಳಿದೆ, ಅಳತೆ ಇಳಿಸಿದರು. ಉರಿದರೆ ಬೇಗ ಬಣ್ಣ ಬರುತ್ತೆ ಅಂತ ಮುಚ್ಚಿಡಬೇಡಿ. ಸುಟ್ಟರೆ ಮಚ್ಚೆ ಬೆಳೆಯುತ್ತೆ, ನನ್ನ ಕಾಲೇ ಸಾಕ್ಷಿ.

ರೆಪ್ಪೆಯ ಮಚ್ಚೆಗೆ ಗಾಗಲ್ ಅಡ್ಡ ಬರುತ್ತಿತ್ತು. ಚರ್ಮದ ಡಾಕ್ಟರು, ಕಣ್ಣಿನ ಡಾಕ್ಟರು ಇಬ್ಬರೂ ಮಾತಾಡಿಕೊಂಡ ಮೇಲೆ, ಮುಖಕ್ಕೆ ಬೇರೆಯಾಗಿ, ಕಡಿಮೆ ಅಳತೆಯಲ್ಲಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೊಟ್ಟರು. ಮುಚ್ಚಿದ ರೆಪ್ಪೆಯ ಚರ್ಮವೇ ಆ ಕಿರಣವನ್ನು ತಡೆಯುತ್ತಂತೆ. ಆದರೆ ಇದನ್ನು ಅವರು ಹೇಳಿದರೆ ಮಾತ್ರ ಮಾಡಬೇಕು, ನೀವಾಗಿ ಗಾಗಲ್ ತೆಗೆಯಬೇಡಿ.

ಈಗ ಎಲ್ಲಕ್ಕಿಂತ ಕಷ್ಟದ ಭಾಗ. ಮೊದಲ ಎರಡು ತಿಂಗಳು ಮಚ್ಚೆಗಳು ಇನ್ನೂ ಜೋರಾಗಿ ಕಂಡವು. ಯಾಕಂದರೆ ಬೆಳಕಿಗೆ ಮೊದಲು ಕಪ್ಪಾಗುವುದು ಸುತ್ತಲಿನ ಒಳ್ಳೆಯ ಚರ್ಮ. ಅಲ್ಲಿ ಬಣ್ಣದ ಕೋಶಗಳಿವೆ, ಎರಡು ಮೂರು ದಿನದಲ್ಲಿ ಹೊಸ ಮೆಲನಿನ್ ಮಾಡಿಬಿಡುತ್ತವೆ. ಮಚ್ಚೆಯಲ್ಲಿ ಮಾಡುವವರೇ ಇಲ್ಲ. ಕಂದು ಇನ್ನಷ್ಟು ಕಂದಾಯಿತು, ಬಿಳಿ ಹಾಗೇ ಉಳಿಯಿತು. ಮಂಡಿಗೆ ಬರುವ ಹಮಾಲರೂ, “ಏನಕ್ಕಾ, ಜಾಸ್ತಿ ಆಯ್ತಾ?” ಅಂತ ಕಾಳಜಿಯಿಂದ ಕೇಳಿದರು. ಬಿಟ್ಟುಬಿಡೋಣ ಅಂತ ಮನೆಯಲ್ಲಿ ಹೇಳಿಯೂ ಆಯಿತು. ನಮ್ಮ ಮನೆಯವರು, “ಡಾಕ್ಟ್ರು ಆರು ತಿಂಗ್ಳು ಅಂದವ್ರೆ, ಆರು ತಿಂಗ್ಳು ನೋಡೋಣ” ಅಂದರು. ಹೀಗಾಗುತ್ತೆ ಅಂತ ಮೊದಲೇ ಯಾರಾದರೂ ಹೇಳಿದ್ದರೆ ನಾನು ಅಷ್ಟು ಅಳುತ್ತಿರಲಿಲ್ಲ.

ಬಸ್ಸಿನ ಕಿಟಕಿ ಬದಿಯ ಬಲಗೈ ಬೇರೆ ಎಡಗೈಗಿಂತ ಕಪ್ಪಾಗಿತ್ತು. ಗಾಜು ಹಾಕಿಕೊಂಡೇ ಕೂರುತ್ತಿದ್ದೆನಲ್ಲ ಅಂದರೆ, ಗಾಜು ಯುವಿಬಿಯನ್ನು ತಡೆಯುತ್ತೆ, ಯುವಿಎ ಅನ್ನುವ ಇನ್ನೊಂದು ಥರದ ಅತಿನೇರಳೆ ಕಿರಣ ಒಳಗೆ ಬರುತ್ತೆ, ಅದೂ ಕಪ್ಪು ಮಾಡುತ್ತೆ ಅಂದರು. ಆಮೇಲೆ ತುಂಬುತೋಳಿನ ರವಿಕೆ, ಸನ್‌ಸ್ಕ್ರೀನ್. ಸಿಟ್ಟಿಂಗ್ ಮುಗಿದ ಮೇಲೆಯೇ ಸನ್‌ಸ್ಕ್ರೀನ್ ಹಚ್ಚಬೇಕು. ಮೊದಲೇ ಹಚ್ಚಿದರೆ ಚಿಕಿತ್ಸೆಯ ಬೆಳಕನ್ನೇ ಅದು ತಡೆಯುತ್ತೆ.

ಆಗಸ್ಟ್‌ನಲ್ಲಿ ಒಂದು ಭಾನುವಾರ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೆ. ಮಗಳು, “ಅಮ್ಮಾ, ಕುತ್ತಿಗೆಗೆ ರಾಗಿ ಅಂಟಿದೆ” ಅಂದು ಒರೆಸಿದಳು. ಮತ್ತೆ ಒರೆಸಿದಳು. ಹೋಗಲಿಲ್ಲ. ಎದ್ದು ಎರಡು ಕನ್ನಡಿ ಹಿಡಿದು ನೋಡಿದೆ. ಬಿಳಿ ಮಚ್ಚೆಯ ನಡುವೆ ಏಳು ಚುಕ್ಕೆ, ರಾಗಿ ಕಾಳಿನಷ್ಟೇ, ಅದೇ ಬಣ್ಣ. ಹತ್ತಿರ ಹಿಡಿದರೆ ಪ್ರತಿ ಚುಕ್ಕೆಯ ನಡುವೆ ಒಂದು ನವಿರು ಕೂದಲು. ಮೇಡಂ ಹೇಳಿದ್ದ ಹಾಗೇ ಕೂದಲಿನ ಬುಡದಿಂದ ಬಣ್ಣ ಎದ್ದು ಬಂದಿತ್ತು. ಅವತ್ತಿಗೆ 23 ಸಿಟ್ಟಿಂಗ್ ಆಗಿತ್ತು. ಮುಂದಿನ ತಿಂಗಳುಗಳಲ್ಲಿ ಚುಕ್ಕೆಗಳು ಹಿಗ್ಗಿ ಒಂದಕ್ಕೊಂದು ಸೇರಿದವು, ಅಂಚಿನಿಂದಲೂ ಬಣ್ಣ ಒಳಗೆ ಹರಿಯಿತು. ತಿಂಗಳಿಗೊಂದು ಫೋಟೊ ತೆಗೆದಿಡಿ, ಒಂದೇ ಜಾಗ, ಒಂದೇ ಹೊತ್ತು. ದಿನಾ ಕನ್ನಡಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ನಡುವೆ ಎರಡು ಸಲ ಕೆಟ್ಟಿತು. ದೀಪಾವಳಿ ಹೊತ್ತಿಗೆ ಜ್ವರ ಬಂದು ಮೂರು ವಾರ ತಪ್ಪಿತು. ವಾಪಸ್ ಹೋದಾಗ ಅಳತೆಯನ್ನು ತುಂಬಾ ಕೆಳಗಿಳಿಸಿದರು. ಬಿಟ್ಟು ಬಂದ ಚರ್ಮ ಮತ್ತೆ ನಾಜೂಕಾಗಿರುತ್ತೆ, ಹಳೇ ಅಳತೆ ಕೊಟ್ಟರೆ ಸುಡುತ್ತೆ. ಜನವರಿಯಲ್ಲಿ ಟ್ಯೂಬ್‌ಗಳು ಮಂಕಾದವು ಅಂತ ಎರಡು ವಾರ ಯಂತ್ರವೇ ನಿಂತಿತು. ಯಾರೂ ಫೋನ್ ಮಾಡಿ ಹೇಳಲಿಲ್ಲ, ಅಷ್ಟು ದೂರ ಹೋಗಿ ಬೀಗ ನೋಡಿಕೊಂಡು ಬಂದೆ. ಅಲ್ಲಿಂದ ಮುಂದೆ ಹೊರಡುವ ಮೊದಲು ಫೋನ್ ಮಾಡುತ್ತಿದ್ದೆ. ಹೊಸ ಟ್ಯೂಬ್ ಹಾಕಿದ ಮೇಲೆ ಬೆಳಕಿನ ಬಲ ಜಾಸ್ತಿ ಇರುತ್ತೆ, ಅಳೆದು ಹೊತ್ತು ಕಡಿಮೆ ಮಾಡಬೇಕು. ಟ್ಯೂಬ್ ಬದಲಾಯಿಸಿದರು ಅಂತ ಗೊತ್ತಾದರೆ ಇದನ್ನು ನೀವೇ ಕೇಳಿ.

ವಾರಕ್ಕೆ ಎರಡು ದಿನ, ನಡುವೆ ಒಂದು ದಿನವಾದರೂ ಬಿಡುವು. ಹರಾಜಿನ ದಿನ ಬಿಟ್ಟು ಉಳಿದ ದಿನ ಮಧ್ಯಾಹ್ನ ಹೋಗು ಅಂತ ಸಾಹುಕಾರರು ಒಪ್ಪಿದರು, ಬದಲಿಗೆ ಬೆಳಗ್ಗೆ ಒಂದು ಗಂಟೆ ಮುಂಚೆ ಬರುತ್ತಿದ್ದೆ. ಸಿಟ್ಟಿಂಗ್‌ಗೆ 250 ರೂಪಾಯಿಯಂತೆ 26,000. ಡಾಕ್ಟರ ಫೀಸು, ಮಚ್ಚೆಗೆ ಹಚ್ಚುವ ಟ್ಯಾಕ್ರೊಲಿಮಸ್ ಮುಲಾಮು, ರಕ್ತ ಪರೀಕ್ಷೆ, ಎರಡು ಸಲ ಕಣ್ಣಿನ ತಪಾಸಣೆ, ಸನ್‌ಸ್ಕ್ರೀನ್ ಎಲ್ಲಾ ಸೇರಿ ಇನ್ನೊಂದು 14,000. ಅಡ್ಮಿಟ್ ಆಗದ ಚಿಕಿತ್ಸೆ ಅಂತ ನಮ್ಮ ಇನ್ಶೂರೆನ್ಸ್‌ನಲ್ಲಿ ಒಂದು ರೂಪಾಯಿಯೂ ಬರಲಿಲ್ಲ. ಬಸ್ಸಿಗೆ ಶಕ್ತಿ ಯೋಜನೆ ಇದ್ದದ್ದರಿಂದ ಆಧಾರ್ ತೋರಿಸಿ ಪುಕ್ಕಟೆ ಹೋಗಿ ಬಂದೆ. ಅದಿಲ್ಲದಿದ್ದರೆ ಅರ್ಧಕ್ಕೇ ನಿಲ್ಲಿಸುತ್ತಿದ್ದೆ, ನಿಜವಾಗಿ. ಸರ್ಕಾರಿ ಮೆಡಿಕಲ್ ಕಾಲೇಜಿನ ಚರ್ಮ ವಿಭಾಗದಲ್ಲಿ ಯಂತ್ರ ಇದ್ದರೆ ಖರ್ಚು ಕಡಿಮೆ. ನಿಮ್ಮ ಹತ್ತಿರದ್ದರಲ್ಲಿ ಮೊದಲು ವಿಚಾರಿಸಿ.

ಈಗ ಹೇಗಿದ್ದೇನೆ ಅಂದರೆ, ಕುತ್ತಿಗೆ ಪೂರ್ತಿ ತುಂಬಿದೆ. ರೆಪ್ಪೆಯದ್ದು ಹುಡುಕಿದರೂ ಕಾಣುವುದಿಲ್ಲ. ಸೊಂಟ ಮುಕ್ಕಾಲು ಪಾಲು. ಕಾಲಿನ ಒಂದು ಮಚ್ಚೆ ಅರ್ಧ ತುಂಬಿದೆ. ಇನ್ನೊಂದರಲ್ಲಿ ಕೂದಲೇ ಬೆಳ್ಳಗಾಗಿದೆ, ಅಂದರೆ ಬುಡದಲ್ಲೂ ಬಣ್ಣದ ಕೋಶ ಇಲ್ಲ, ಅಲ್ಲಿ ಏನೂ ಬರಲಿಲ್ಲ. ಬೆರಳ ತುದಿ ಹಾಗೇ ಇದೆ. ಅಲ್ಲಿ ಕೂದಲೇ ಇಲ್ಲವಲ್ಲ, ಎಲ್ಲಿಂದ ಬರಬೇಕು? ಮುಖ, ಕುತ್ತಿಗೆ ಬೇಗ, ಕೈಕಾಲಿನ ತುದಿ ಕಷ್ಟ ಅಂತ ಮೇಡಂ ಮೊದಲ ದಿನವೇ ಹೇಳಿದ್ದರು. ಯಾರಾದರೂ ಬೆರಳಿಗೂ ಗ್ಯಾರಂಟಿ ಬಣ್ಣ ತರಿಸುತ್ತೇವೆ ಅಂದರೆ ದುಡ್ಡು ಕೊಡುವ ಮೊದಲು ಇನ್ನೊಬ್ಬ ಡಾಕ್ಟರನ್ನು ಕೇಳಿ.

ಒಮ್ಮೆಲೇ ನಿಲ್ಲಿಸಲಿಲ್ಲ. ಕೊನೆಯಲ್ಲಿ ಎರಡು ತಿಂಗಳು ವಾರಕ್ಕೊಂದು, ಆಮೇಲೆ ಒಂದು ತಿಂಗಳು ಎರಡು ವಾರಕ್ಕೊಂದು. ಬಂದ ಬಣ್ಣ ಮತ್ತೆ ಹೋಗುವ ಸಾಧ್ಯತೆ ಇದೆ. ಅದಕ್ಕೆ ವಾರದಲ್ಲಿ ಎರಡು ರಾತ್ರಿ ಮುಲಾಮು ಮುಂದುವರಿಸಿದ್ದೇನೆ. ಅಕ್ಟೋಬರ್‌ನಲ್ಲಿ ಮತ್ತೆ ಆ ಕತ್ತಲೆ ಕೋಣೆಯಲ್ಲಿ ವುಡ್ಸ್ ಲ್ಯಾಂಪ್ ಮುಂದೆ ನಿಲ್ಲಬೇಕು. ಕಾರ್ಡು, ಹಳೇ ಫೋಟೊಗಳು, ಥೈರಾಯ್ಡ್ ರಿಪೋರ್ಟು ಎಲ್ಲವನ್ನೂ ಒಂದೇ ಕವರಿನಲ್ಲಿ ಹಾಕಿ ಬೀರುವಿನಲ್ಲಿ ಇಟ್ಟಿದ್ದೇನೆ.